ಆಟಿಯಲ್ಲಿ ಬರುವ ಮಕ್ಕಳು

ಜುಲೈ ತಿಂಗಳ ಮೊದಲ ವಾರ. ಪುತ್ತೂರು ಸೀಮೆಯ ಹಳ್ಳಿಮನೆಯೊಂದರ ಅಂಗಳಕ್ಕೆ, ಬಜಪೆಯ ವಿಮಾನ ನಿಲ್ದಾಣದಿಂದ ಹೊರಟ ಬಾಡಿಗೆ ಕಾರು ಕೆಸರು ಸಿಡಿಸುತ್ತ ಬಂದು ನಿಲ್ಲುತ್ತದೆ. ಕೊಡೆ ತರುವವರೆಗೆ ಕಾಯುವ ತಾಳ್ಮೆ ದುಬೈಯಿಂದ ಬಂದ ಮಕ್ಕಳಿಗೆ ಎಲ್ಲಿಯದು? ಅವರಿರುವ ಊರಿನಲ್ಲಿ ವರ್ಷವಿಡೀ ಸೇರಿ ಬೀಳುವ ಮಳೆ ಸುಮಾರು 100 ಮಿಲಿಮೀಟರು. ಈ ಜಿಲ್ಲೆಯಲ್ಲಿ 3,500ಕ್ಕೂ ಮಿಕ್ಕಿ. ಮಕ್ಕಳು ಸೂರಿನ ನೀರಿಗೆ ತಲೆಯೊಡ್ಡಿ ನಿಲ್ಲುತ್ತಾರೆ, ಅಜ್ಜಿ ಜಗಲಿಯಿಂದ ಗದರುತ್ತಾರೆ.

ಕೊಲ್ಲಿಯ ನಾಡುಗಳಲ್ಲಿ ದುಡಿಯುವ ಕರಾವಳಿಯ ಎಷ್ಟೋ ಸಂಸಾರಗಳು ಹೀಗೆಯೇ ಊರಿಗೆ ಬರುತ್ತವೆ. ಬರುವುದು ಊರಿಗೇ, ಆದರೆ ತಂದೆ ಬಿಟ್ಟುಹೋದ ಊರಿಗಲ್ಲ. ಅವನ ಪಾಲಿಗೆ ಊರೆಂದರೆ ಬೇಸಿಗೆ. ಏಪ್ರಿಲ್ ಎರಡನೆಯ ವಾರದಲ್ಲಿ ಶಾಲೆಗೆ ರಜೆ ಸಿಕ್ಕಿತೆಂದರೆ ಅಜ್ಜನ ಮನೆ. ಅಲ್ಲಿ ಅತ್ತೆಯ ಮಕ್ಕಳು, ಚಿಕ್ಕಮ್ಮನ ಮಕ್ಕಳು, ಎಲ್ಲ ಸೇರಿ ಒಂದು ಸೇನೆ. ರಾತ್ರಿ ಗಾಳಿ ಬೀಸಿದರೆ ಬೆಳಕು ಹರಿಯುವ ಮೊದಲೇ ಕಾಟುಮಾವಿನ ಮರದ ಬುಡಕ್ಕೆ ಓಟ. ಗೇರುಹಣ್ಣಿನ ಕಲೆ ಹತ್ತಿದ ಅಂಗಿ, ಬಯಲಾಟದ ಗದ್ದೆಯಲ್ಲಿ ಚಾಪೆ ಹಾಸಿ ನಿದ್ದೆ, ರಾಕ್ಷಸನ ಅಬ್ಬರಕ್ಕೆ ಬೆಚ್ಚಿ ಎಚ್ಚರ. ಮೇ ಕೊನೆಯಲ್ಲಿ ಪತ್ತನಾಜೆ ಬಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲಗಳು ನಿಲ್ಲುತ್ತವೆ, ಮಕ್ಕಳ ರಾಜ್ಯವೂ ಮುಗಿಯುತ್ತದೆ.

ದುಬೈಯಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳೇನೋ ಇವೆ. ಆದರೆ ಅಲ್ಲಿ ಏಪ್ರಿಲ್ ಎಂದರೆ ಹೊಸ ತರಗತಿಯ ಆರಂಭ. ದೀರ್ಘ ರಜೆ ಬರುವುದು ಬಿಸಿಲು ಸಹಿಸಲಾಗದ ಜುಲೈ, ಆಗಸ್ಟಿನಲ್ಲಿ. ನಡು ಮಧ್ಯಾಹ್ನ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಸರಕಾರವೇ ನಿಷೇಧಿಸುವಂತಹ ಬಿಸಿಲು ಅದು. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಹಾರತೊಡಗಿದ ಮೇಲೆ ದೂರವೇನೋ ಕುಗ್ಗಿತು. ಪಂಚಾಂಗ ಮಾತ್ರ ಯಾರ ಮಾತಿಗೂ ಬಗ್ಗಲಿಲ್ಲ. ಮಕ್ಕಳು ಬರುವ ಹೊತ್ತಿಗೆ ಮಾವು ಮುಗಿದಿರುತ್ತದೆ, ಹಲಸು ನೀರು ಕುಡಿದು ಸಪ್ಪೆಯಾಗಿರುತ್ತದೆ, ಊರಿನ ಮಕ್ಕಳು ಬೆನ್ನಿಗೆ ಚೀಲವೇರಿಸಿ ಶಾಲೆಗೆ ಹೊರಟಿರುತ್ತಾರೆ.

ಅಜ್ಜಿ ಸುಮ್ಮನೆ ಕುಳಿತವರಲ್ಲ. ಮಾರ್ಚಿನ ಮಾವಿನ ಮಿಡಿ ಭರಣಿಯಲ್ಲಿದೆ. ಹಲಸಿನ ಸೊಳೆ ಉಪ್ಪಿನಲ್ಲಿದೆ, ಹಪ್ಪಳ ಡಬ್ಬದಲ್ಲಿದೆ. ಮಾವಿನ ರಸವನ್ನು ಚಾಪೆಯ ಮೇಲೆ ಪದರದ ಮೇಲೆ ಪದರವಾಗಿ ಹೊಯ್ದು, ಕಾಗೆಯನ್ನು ಅಟ್ಟುತ್ತ ದಿನಗಟ್ಟಲೆ ಒಣಗಿಸಿದ ಮಾಂಬಳವೂ ಇದೆ. ಕಳೆದ ಬೇಸಿಗೆಯನ್ನು ಜುಲೈಯಲ್ಲಿ ಮೊಮ್ಮಕ್ಕಳ ತಟ್ಟೆಗೆ ಬಡಿಸುವ ಉಪಾಯವಿದು. ಮಕ್ಕಳು ಮಾಂಬಳವನ್ನು ಜಗಿಯುತ್ತಾರೆ, ಇನ್ನೊಂದು ತುಂಡು ಕೇಳುತ್ತಾರೆ. ಆದರೆ ಅದು ಯಾವ ಮರದ ಹಣ್ಣು ಎಂದು ಕೇಳುವುದಿಲ್ಲ. ಅಜ್ಜಿಗೆ ಹೇಳಬೇಕೆನಿಸಿದ್ದು ಅದೊಂದೇ.

"ಒಂದು ವರ್ಷವಾದರೂ ಮೇಯಲ್ಲಿ ಕರೆದುಕೊಂಡು ಬಾ ಮಗಾ. ನನಗೆ ಇನ್ನೆಷ್ಟು ಬೇಸಿಗೆಯೋ" ಎಂದು ಅವರು ಮಗನಿಗೆ ಹೇಳುವುದುಂಟು. "ನೋಡುವ ಅಮ್ಮ" ಎನ್ನುತ್ತಾನೆ ಮಗ. ಮೇಯಲ್ಲಿ ಬಂದರೆ ಹೊಸ ತರಗತಿಯ ಪಾಠ ತಪ್ಪುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ರಜೆ ದೊರೆಯಬೇಕು. ಜುಲೈಯಲ್ಲೂ ಬರಬೇಕೆಂದರೆ ನಾಲ್ವರಿಗೆ ಎರಡೆರಡು ಸಲ ಟಿಕೇಟು. ಈ ಲೆಕ್ಕ ಅವನು ಪ್ರತಿವರ್ಷ ಮಾಡುತ್ತಾನೆ, ಪ್ರತಿವರ್ಷವೂ ಅದು ಕೂಡಿಬರುವುದಿಲ್ಲ.

ಹಾಗೆಂದು ಮಕ್ಕಳನ್ನು ನೋಡಿ ಮರುಗಬೇಕೆ? ಅವರಿಗೆ ಕಳೆದುಕೊಂಡ ಭಾವವೇ ಇಲ್ಲ. ಅವರ ಊರು ಬೇರೆ: ಕೆಸುವಿನೆಲೆಯ ಪತ್ರೊಡೆ, ಕಳಲೆಯ ಪಲ್ಯ, ತುಂಬಿ ಹರಿವ ತೋಡು, ರಾತ್ರಿಯಿಡೀ ಕಪ್ಪೆಗಳ ಗದ್ದಲ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ಕಹಿ ಕಷಾಯವನ್ನು ಮೂಗು ಹಿಡಿದು ಕುಡಿದು, ಬಳಿಕ ಮೆಂತೆಗಂಜಿಗೆ ಕೈಚಾಚುವುದು ಅವರಿಗೆ ಹಬ್ಬವೇ. ಆಟಿಯನ್ನು ಕಷ್ಟದ ತಿಂಗಳೆಂದು ಎಣಿಸಿದ್ದ ಹಿರಿಯರು ಇದನ್ನು ಕಂಡಿದ್ದರೆ ನಕ್ಕಾರು. ತಂದೆ ಮಾತ್ರ ಜಗಲಿಯಲ್ಲಿ ಕುಳಿತು, ನೆನೆದು ಕಪ್ಪಾದ ಮಾವಿನ ಮರವನ್ನು ತೋರಿಸಿ ಏನೋ ಹೇಳಹೊರಡುತ್ತಾನೆ. ಮಕ್ಕಳು ಆಗಲೇ ತೋಡಿನ ಬಳಿ ಇರುತ್ತಾರೆ.

ಮತ್ತೆ ಮೇ ತಿಂಗಳು. ಅಜ್ಜಿ ಮೊಬೈಲನ್ನು ಮಾವಿನ ಮರದತ್ತ ಹಿಡಿದು, ಜೋತುಬಿದ್ದ ಗೊಂಚಲುಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಆಚೆ ದುಬೈಯಿಂದ ಕಿರಿಯವಳ ದನಿ: "ಅಜ್ಜಿ, ಮಳೆ ಎಲ್ಲಿ?"

"ಇನ್ನೂ ಬರಲಿಲ್ಲ ಮಗಾ, ನೀವು ಬರುವಾಗ ಬರ್ತದೆ" ಎಂದು ಅಜ್ಜಿ ಮೊಬೈಲನ್ನು ಜಗಲಿಯ ಮೇಲಿಟ್ಟು, ಚಾಪೆಯ ಮೇಲಿನ ಮಾಂಬಳಕ್ಕೆ ಆ ದಿನದ ರಸ ಹೊಯ್ಯಲು ಏಳುತ್ತಾರೆ.