ಟೈಟಲ್‌ಗೆ ಮುಂಚೆ ಬಂದ್ರಾ ಸ್ವಾಮಿ?

ಸಸ್ಪೆನ್ಸ್ ಚಿತ್ರಕ್ಕೆ ಹತ್ತು ನಿಮಿಷ ತಡವಾಗಿ ಬಂದು, ಕತ್ತಲಲ್ಲಿ ಎಲ್ಲರ ಕಾಲು ತುಳಿದು, ‘ಇದುವರೆಗೆ ಏನಾಯ್ತ್ರೀ?’ ಎಂದು ಕೇಳುವ ಮಹಾಶಯರಿದ್ದಾರಲ್ಲ... ಅವರಿಗೆ ಟಿಕೆಟ್ ದುಡ್ಡು ವಾಪಸ್ ಕೊಟ್ಟು ಮನೆಗೆ ಕಳಿಸಬೇಕು! ಇಂಥ ಚಿತ್ರದ ಜೀವವೆಲ್ಲ ಶುರುವಿನಲ್ಲೇ ಇರುತ್ತೆ.

ಒಂದು ಕಾಲಕ್ಕೆ ಶುರು ಅಂದರೆ ಹಾಳು ಬಂಗಲೆ, ಗುಡುಗು-ಮಿಂಚು, ಬಿಳಿ ಸೀರೆ. 1989ರಲ್ಲಿ ಸುನಿಲ್ ಕುಮಾರ್ ದೇಸಾಯಿ ‘ತರ್ಕ’ದಿಂದ ಹಾಡುಗಳನ್ನೇ ಕೈಬಿಟ್ಟರು. ಮೊದಲು ಕಟ್ಟಿದ ಬಿಗಿ ಯುಗಳಗೀತೆಯಲ್ಲಿ ಸಡಿಲವಾಗುವ ಮಾತೇ ಇಲ್ಲ. ತಮಿಳಿನವರು ಮರುವರ್ಷವೇ ಅದನ್ನು ‘ಪುರಿಯಾದ ಪುದಿರ್’ ಮಾಡಿಕೊಂಡರು.

ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ನೋಡಿ. ಮಂತ್ರವಾದಿ ಇಲ್ಲ, ಬಂಗಲೆ ಇಲ್ಲ. ಡಬಲ್ ರೋಡ್ ಫ್ಲೈಓವರ್ ಮೇಲೆ ಅವಸರದವರು ಕಲ್ಲು ಸರಿಸಿ ಗಾಡಿ ತಿರುಗಿಸ್ತಾರೆ. ಪಕ್ಕದಲ್ಲಿ ಕೂತವನೊಬ್ಬ ನಂಬರು ಬರೆದುಕೊಳ್ತಾನೆ. ಅಷ್ಟೇ! ಅದನ್ನು ನೋಡಿದ ಮೇಲೆ ಆರ್.ಟಿ. ನಗರದವನಾದ ನಾನು ಹೆಬ್ಬಾಳ ಫ್ಲೈಓವರ್ ಮೇಲೂ ಅಕ್ಕಪಕ್ಕ ಕಣ್ಣಾಡಿಸುತ್ತೇನೆ.

ಹೇಮಂತ್ ರಾವ್ ಅವರ ‘ಕವಲುದಾರಿ’ (2019) ಇನ್ನೊಂದು ಬಗೆ. ಅಗೆದ ಮಣ್ಣಿನಲ್ಲಿ ಮೂಳೆಗಳು ಸಿಗುತ್ತವೆ. (ನಮ್ಮ ಕಡೆ ಅಗೆಯದ ರಸ್ತೆ ಯಾವುದಿದೆ ಹೇಳಿ!) ತಲೆ ಕೆಡಿಸಿಕೊಳ್ಳೋನು ಒಬ್ಬ ಟ್ರಾಫಿಕ್ ಪೊಲೀಸ್. ಅದು ಅವನ ಕೆಲಸವೇ ಅಲ್ಲ.

ಈಗಿನ ಕೆಲವರು ಕೈಗವಸು, ಚಾಕು, ಕಿವಿ ಹರಿಯುವ ಸದ್ದು ಎಲ್ಲ ಮೊದಲೇ ಸುರೀತಾರೆ. ಇಂಟರ್‌ವಲ್ ಹೊತ್ತಿಗೆ ಕೊಲೆಯಾದವಳ ಹೆಸರು ನಿರ್ದೇಶಕರಿಗೇ ಮರೆತುಹೋಗಿರುತ್ತೆ.

ಶಂಕರ್‌ನಾಗ್ ಮರೆಯಲಿಲ್ಲ. 1985ರ ‘ಆಕ್ಸಿಡೆಂಟ್’ನಲ್ಲಿ ರಾಜಕಾರಣಿಯ ಮಗ ಅಮಲಿನಲ್ಲಿ ಫುಟ್‌ಪಾತಿನ ಮೇಲೆ ಮಲಗಿದ್ದ ಬಡವರ ಮೇಲೆ ಕಾರು ಹರಿಸ್ತಾನೆ. ಕೊಂದವನನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಾಗಾದ್ರೆ ಇನ್ನೇನು ಸಸ್ಪೆನ್ಸು ಅಂತೀರಾ? ಅಪ್ಪ ಅನಂತನಾಗ್ ತಣ್ಣಗೆ ಪ್ರಭಾವ ಬೀರುತ್ತಾ ಹೋದಂತೆ, ಸತ್ತವರ ಪರವಾಗಿ ಕೇಳೋರು ಯಾರು ಅನ್ನೋ ಪ್ರಶ್ನೆಯೇ ಎದೆ ಹಿಂಡುತ್ತೆ. ಪತ್ರಕರ್ತನಾಗಿ ಶಂಕರ್‌ನಾಗ್ ಬೆನ್ನು ಹತ್ತಿದರೂ ನನ್ನ ಕಣ್ಣು ಬದುಕುಳಿದ ರಮೇಶ್ ಭಟ್ ಮೇಲೇ. ಆ ಮನುಷ್ಯ ಬಂದಾಗಲೆಲ್ಲ ಆ ರಾತ್ರಿಯ ರಸ್ತೆ ಮತ್ತೆ ಕಣ್ಣೆದುರಿಗೆ!

ಕ್ಲೈಮ್ಯಾಕ್ಸ್ ಹೇಳಲ್ಲ. ಸಿಕ್ಕಿದರೆ ನೋಡಿ, ಮೊದಲಿಂದ ನೋಡಿ.