ಫ್ಲಾಪಿಯಲ್ಲಿ ಬಂದ ಅಂತರಜಾಲ

ಬೆಂಗಳೂರಿನಲ್ಲಿ ಸಾದರ ಪತ್ರಪ್ಪ ರಸ್ತೆ ಅಂದರೆ ಯಾರೂ ದಾರಿ ತೋರಿಸಲಾರರು, ಎಸ್.ಪಿ. ರೋಡು ಅಂದರೆ ಎಲ್ಲರೂ ತೋರಿಸುತ್ತಾರೆ. 1996–97ರ ಹೊತ್ತಿಗೆ ಅಲ್ಲಿನ ಇಕ್ಕಟ್ಟಾದ ಅಂಗಡಿಗಳಲ್ಲಿ ಸೋಲ್ಡರಿಂಗ್ ಕಡ್ಡಿ, ವೈರಿನ ಸುರುಳಿಗಳ ನಡುವೆ, ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ಎಂಬ ಹೊಸ ಸಾಮಾನು ಬಂದು ಕೂತಿತ್ತು. ‘ಇಂಟರ್ನಲ್ಲಾ, ಎಕ್ಸ್‌ಟರ್ನಲ್ಲಾ ಸಾರ್?’ ಅಂಗಡಿಯವನ ಮೊದಲ ಪ್ರಶ್ನೆ. ತಿಳಿದವರು ನಾಲ್ಕು ಕಾಸು ಹೆಚ್ಚಾದರೂ ಎಕ್ಸ್‌ಟರ್ನಲ್ ಅನ್ನುತ್ತಿದ್ದರು. ಅದರ ಮುಂಭಾಗದಲ್ಲಿ ಸಾಲಾಗಿ ಪುಟ್ಟ ಕೆಂಪು ದೀಪಗಳು. ಓಎಚ್ ಹತ್ತಿದರೆ ಫೋನ್ ಎತ್ತಿದೆ, ಸಿಡಿ ಹತ್ತಿದರೆ ಆ ಕಡೆಯ ಮೋಡೆಮ್ ಸಿಕ್ಕಿದೆ. ಕೆಲಸ ಎಲ್ಲಿ ನಿಂತಿತೆಂದು ಆ ದೀಪಗಳಷ್ಟು ಪ್ರಾಮಾಣಿಕವಾಗಿ ಕಂಪ್ಯೂಟರು ಎಂದೂ ಹೇಳಿದ್ದಿಲ್ಲ.

ವಿಎಸ್‌ಎನ್‌ಎಲ್ ಸಂಸ್ಥೆ ಸಾರ್ವಜನಿಕರಿಗೆ ಅಂತರಜಾಲ ಕೊಡಲು ಶುರುಮಾಡಿದ್ದು 1995ರ ಆಗಸ್ಟ್ 15ರಂದು. ಚಿತ್ರಗಳೂ ಕಾಣುವ ಖಾತೆಗೆ ವರ್ಷಕ್ಕೆ 15,000 ರೂಪಾಯಿ. ಅಷ್ಟು ಸುರಿಯಲಾಗದ ವಿದ್ಯಾರ್ಥಿಗಳಿಗೆ ಅಗ್ಗದ್ದೊಂದಿತ್ತು, ಶೆಲ್ ಖಾತೆ. ಕಪ್ಪು ಪರದೆ, ಬರೀ ಅಕ್ಷರ. ಪೈನ್‌ನಲ್ಲಿ ಮೇಲ್, ಲಿಂಕ್ಸ್‌ನಲ್ಲಿ ಜಾಲಪುಟ. ಚಿತ್ರ ಇರಬೇಕಾದ ಜಾಗದಲ್ಲಿ ‘ಇಮೇಜ್’ ಎಂಬ ಪದ ಚೌಕ ಕಂಸದೊಳಗೆ ಕೂತಿರುತ್ತಿತ್ತು. ಏನು ಚಿತ್ರವೋ, ಊಹೆ ಅವರವರದು.

ತಮಾಷೆಯೆಂದರೆ, ಅಂತರಜಾಲಕ್ಕೆ ಹೋಗಲು ಬೇಕಾದ ತಂತ್ರಾಂಶಗಳೆಲ್ಲ ಇದ್ದದ್ದು ಅಂತರಜಾಲದಲ್ಲೇ. ಹಾಗಾಗಿ ಅವು ಬಸ್ಸು, ಸ್ಕೂಟರು ಹತ್ತಿ ಬರಬೇಕಾಯಿತು. ಆಗಲೇ ಸಂಪರ್ಕ ಪಡೆದಿದ್ದ ಯಾವನೋ ಪುಣ್ಯಾತ್ಮ ಇಳಿಸಿಕೊಂಡದ್ದನ್ನು ಅವನಿಂದ ಗೆಳೆಯ, ಗೆಳೆಯನಿಂದ ಗೆಳೆಯನ ತಮ್ಮ ಪಡೆಯಬೇಕಿತ್ತು. ಒಂದು ಫ್ಲಾಪಿಯಲ್ಲಿ ಹಿಡಿಸುವುದು 1.44 ಎಂಬಿ. ನೆಟ್‌ಸ್ಕೇಪ್ ಬ್ರೌಸರ್ ಅದರಲ್ಲಿ ಹಿಡಿಸದು. ಪಿಕೆಜಿಪ್‌ನಲ್ಲಿ ತುಂಡು ಮಾಡಿ, ಫ್ಲಾಪಿಗಳ ಮೇಲೆ ಪೆನ್ನಿನಿಂದ ಒಂದು, ಎರಡು, ಮೂರು ಎಂದು ಬರೆದು ರಬ್ಬರ್ ಬ್ಯಾಂಡ್ ಹಾಕಿ ತರುತ್ತಿದ್ದರು. ಮನೆಗೆ ಬಂದು ಒಂದೊಂದೇ ತುರುಕಿದರೆ, ಕೆಟ್ಟಿರುತ್ತಿದ್ದುದು ಯಾವಾಗಲೂ ಕೊನೆಯ ಫ್ಲಾಪಿಯೇ. ಮತ್ತೆ ಸ್ಕೂಟರು.

ವಿಂಡೋಸ್ 95ರಲ್ಲಿ ಡಯಲ್ ಮಾಡುವ ವ್ಯವಸ್ಥೆ ಒಳಗೇ ಇತ್ತು, ನಿಜ. ಆದರೆ ಬಹಳ ಮನೆಗಳಲ್ಲಿ ಇನ್ನೂ ಓಡುತ್ತಿದ್ದದ್ದು ವಿಂಡೋಸ್ 3.1, ಅಂತರಜಾಲದ ಭಾಷೆಯಾದ ಟಿಸಿಪಿ/ಐಪಿ ಅದಕ್ಕೆ ಹುಟ್ಟಿನಿಂದ ಬರುತ್ತಿರಲಿಲ್ಲ. ಆ ಕೊರತೆ ತುಂಬಿದವರು ಆಸ್ಟ್ರೇಲಿಯಾದ ತಾಸ್ಮೇನಿಯಾದ ಪೀಟರ್ ಟ್ಯಾಟಮ್. ಅವರು ಬರೆದ ಟ್ರಂಪೆಟ್ ವಿನ್‌ಸಾಕ್ ಷೇರ್‌ವೇರ್. ಬಳಸಿ ನೋಡಿ, ಹಿಡಿಸಿದರೆ 25 ಡಾಲರ್ ಕಳಿಸಿ ಎಂಬ ಕರಾರು. ಕಳಿಸಿದವರನ್ನು ನಾನಂತೂ ಕಂಡಿಲ್ಲ. ನಮ್ಮಲ್ಲಷ್ಟೇ ಅಲ್ಲ, ಜಗತ್ತಿನಲ್ಲೆಲ್ಲ ಅದು ಪುಕ್ಕಟೆಯಾಗಿಯೇ ಹರಿದಾಡಿತು. 2011ರಲ್ಲಿ ಕೆಲವರು ನಾಚಿಕೊಂಡು ಆ ಹಳೆಯ ಬಾಕಿಯೆಂದು ಅವರಿಗೆ ಹಣ ಕಳಿಸಿದರಂತೆ. ಒಳ್ಳೆಯದೇ ಆಯಿತು. ಲಕ್ಷಾಂತರ ಜನರನ್ನು ಹೊಳೆ ದಾಟಿಸಿದ ಅಂಬಿಗನಿಗೆ ಕೂಲಿ ಕೊಡದೆ ಎಲ್ಲರೂ ದಡ ಹತ್ತಿ ಹೋಗಿದ್ದರು.

ಇನ್ನು ಡಯಲ್ ಮಾಡುವ ಹೊತ್ತು. ಮೋಡೆಮ್ಮಿಗೆ ಕೊಡುವ ಆಜ್ಞೆಗಳೆಲ್ಲ ಎಟಿ ಎಂದು ಆರಂಭ. ಪುಸ್ತಕದಲ್ಲಿ ಎಟಿಡಿಟಿ ಎಂದಿರುತ್ತಿತ್ತು. ಆದರೆ ಟೋನ್ ಅರ್ಥವಾಗದ ಹಳೆಯ ಎಕ್ಸ್‌ಚೇಂಜಿನ ಬಡಾವಣೆಗಳಲ್ಲಿ ಕೊನೆಯ ಟಿ ತೆಗೆದು ಪಿ ಹಾಕಬೇಕು. ಆಗ ಮೋಡೆಮ್ಮಿನ ಹೊಟ್ಟೆಯೊಳಗೆ ಟಕಟಕ ಶುರು. ಮೂರಕ್ಕೆ ಮೂರು ಟಕ, ಸೊನ್ನೆಗೆ ಹತ್ತು. ಆಮೇಲೆ ಆ ಕಡೆ ರಿಂಗು, ತೀಕ್ಷ್ಣವಾದ ಒಂದೇ ಸ್ವರದ ಕೂಗು, ಅದರ ಬೆನ್ನಿಗೇ ಎರಡೂ ಮೋಡೆಮ್‌ಗಳು ಒಂದರ ಮೇಲೊಂದು ಬಿದ್ದು ಕೆರೆದಾಡುವ, ಭುಸುಗುಡುವ ಗದ್ದಲ. ಈ ಲೈನಿನಲ್ಲಿ ಎಷ್ಟು ವೇಗ ತಡೆದೀತೆಂದು ಅವು ನಡೆಸುವ ಚೌಕಾಸಿ ಅದು. ರಾತ್ರಿ ಮನೆಯವರ ನಿದ್ದೆ ಕೆಡದಿರಲೆಂದು ಎಟಿಎಂ0 ಕೊಟ್ಟು ಸ್ಪೀಕರ್ ಬಾಯಿ ಮುಚ್ಚಿಸುವುದನ್ನು ಹುಡುಗರು ಬೇಗ ಕಲಿತರು.

‘ಕನೆಕ್ಟ್ 9600’ ಎಂದು ಪರದೆಯ ಮೇಲೆ ಮೂಡಿದರೆ ಗೆದ್ದಂತೆ. ಆ ವೇಗದಲ್ಲಿ ಒಂದು ಎಂಬಿ ಇಳಿಯಲು ಹತ್ತಿರ ಹತ್ತಿರ 18 ನಿಮಿಷ ಬೇಕು, ಅದೂ ಲೈನು ಕೆಡದಿದ್ದರೆ. ಒಂದು ಕಡೆ ಖಾತೆಗೆ ಎಣಿಸಿ ಕೊಟ್ಟ ಗಂಟೆಗಳು ಕರಗುತ್ತಿದ್ದವು, ಇನ್ನೊಂದು ಕಡೆ ಫೋನಿನ ಮೀಟರು ಓಡುತ್ತಿತ್ತು.

ಕನ್ನಡದ ಪುಟ ನೋಡುವ ಆಸೆ ಇದ್ದವರ ಪಾಡು ಬೇರೆ. 1996ರಲ್ಲಿ ಯು.ಬಿ. ಪವನಜ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಶುರುಮಾಡಿದ್ದರು. ಶೇಷಾದ್ರಿವಾಸು ಅವರ ಕನ್ನಡ ತಂತ್ರಾಂಶ ‘ಬರಹ’ ಬರಲು 1998 ಆಗಬೇಕಿತ್ತು. ಯೂನಿಕೋಡ್ ಇನ್ನೂ ಮನೆಮನೆಗೆ ತಲುಪಿರಲಿಲ್ಲ. ಪುಟಕ್ಕೆ ತಕ್ಕ ಫಾಂಟ್ ನಮ್ಮ ಕಂಪ್ಯೂಟರಿನಲ್ಲಿ ಇಲ್ಲವಾದರೆ ಕನ್ನಡದ ಬದಲು ರೋಮನ್ ಅಕ್ಷರ, ಶೇಕಡಾ ಗುರುತು, ಕೊಂಬು ಬಾಲಗಳ ಕಲಸುಮೇಲೋಗರ. ಫಾಂಟ್ ಇಳಿಸಿಕೊಳ್ಳಬೇಕು, ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಸೇರಿಸಬೇಕು, ಬ್ರೌಸರ್ ಮುಚ್ಚಿ ತೆರೆಯಬೇಕು. ಪುಟ ಮತ್ತೆ ಮೇಲಿನಿಂದ ಇಳಿಯತೊಡಗಿ, ಶೀರ್ಷಿಕೆಯ ಅರ್ಧ ಕನ್ನಡದಲ್ಲಿ ಮೂಡುವ ಹೊತ್ತಿಗೆ ಒಳಕೋಣೆಯಲ್ಲಿ ಅಮ್ಮ ಇನ್ನೊಂದು ರಿಸೀವರ್ ಎತ್ತಿರುತ್ತಿದ್ದರು.

‘ಇದೇನೋ ಇದು, ಕರ್ರೋ ಅಂತಿದೆ! ನಿಮ್ಮತ್ತೆಗೆ ಫೋನ್ ಮಾಡ್ಬೇಕು ಕಣೋ, ಬಿಡೋ ಅದನ್ನ!’

ಸಿಡಿ ದೀಪ ಆರುತ್ತಿತ್ತು. ಪರದೆಯ ಮೇಲೆ ‘ನೋ ಕ್ಯಾರಿಯರ್’.