ಲೀಸಿಗೆ ಬರುವ ಹೊಸ ಜೀಪು: ತಿಂಗಳ ಬಾಡಿಗೆಯೊಳಗಿನ ಲೆಕ್ಕ

ಮಾವಿನ ತೋಪಿನ ಫಸಲನ್ನೋ ಹುಣಸೆ ಮರಗಳನ್ನೋ ವರ್ಷದ ಗುತ್ತಿಗೆಗೆ ಕೊಡುವ ಪದ್ಧತಿ ರೈತರಿಗೆ ಹೊಸದಲ್ಲ. ಗುತ್ತಿಗೆದಾರನು ಹಣ ಕೊಟ್ಟು ಕಾಯಿ ಇಳಿಸಿಕೊಂಡು ಹೋಗುತ್ತಾನೆ. ಮರ ಮಾಲೀಕನಿಗೇ ಉಳಿದು ಮರುವರ್ಷ ಮತ್ತೆ ಹೂ ಬಿಡುತ್ತದೆ. ಈಚೆಗೆ ಎಸ್‌ಯುವಿ ಎಂದು ಕರೆಯಲಾಗುವ ದೊಡ್ಡ ಜೀಪು ಮಾದರಿಯ ಹೊಸ ವಾಹನಗಳನ್ನೂ ಮೂರು, ನಾಲ್ಕು ವರ್ಷಗಳ ಗುತ್ತಿಗೆಗೆ, ಅಂದರೆ ಲೀಸಿಗೆ, ಕೊಡುವ ಕಂಪನಿಗಳು ಬಂದಿವೆ. ಮುಂಗಡ ಹಣ ಬೇಡ, ತಿಂಗಳ ಬಾಡಿಗೆ ಕಟ್ಟಿದರೆ ಸಾಕು ಎಂಬ ಮಾತು ಕೇಳಲು ಹಗುರವಾಗಿದೆ. ಆದರೆ ವಾಹನವು ಮಾವಿನ ಮರವಲ್ಲ. ಅಂಗಡಿಯಿಂದ ಹೊರಬಿದ್ದ ದಿನದಿಂದಲೇ ಅದರ ಬೆಲೆ ಇಳಿಯುತ್ತ ಹೋಗುತ್ತದೆ. ಆ ಇಳಿತದ ಹಣವನ್ನು ಯಾರಾದರೂ ತುಂಬಿಕೊಡಲೇಬೇಕು. ಲೀಸಿನ ಬಾಡಿಗೆಯಲ್ಲಿ ಬಹುಪಾಲು ಈ ತುಂಬಿಕೊಡುವಿಕೆಯೇ ಆಗಿರುತ್ತದೆ.

ಬಾಡಿಗೆಯನ್ನು ಬಿಡಿಸಿ ನೋಡಿದರೆ ಮೂರು ಭಾಗಗಳು ಕಾಣುತ್ತವೆ. ಮೊದಲನೆಯದು ಸವಕಳಿ. ಎರಡನೆಯದು ಕಂಪನಿ ಹಾಕಿದ ಬಂಡವಾಳದ ಮೇಲಿನ ಬಡ್ಡಿ. ಮೂರನೆಯದು ತೆರಿಗೆ. ಲೆಕ್ಕದ ಅನುಕೂಲಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಕಂಪನಿಯು ಒಂದು ವಾಹನದ ಮೇಲೆ 12 ಲಕ್ಷ ರೂಪಾಯಿ ಹಾಕಿದೆ, ನಾಲ್ಕು ವರ್ಷಗಳ ನಂತರ ಅದು 6 ಲಕ್ಷಕ್ಕೆ ಮಾರಾಟವಾಗುತ್ತದೆ ಎಂದು ಇಟ್ಟುಕೊಳ್ಳೋಣ. ಇಳಿದ 6 ಲಕ್ಷವನ್ನು 48 ತಿಂಗಳಿಗೆ ಹಂಚಿದರೆ ತಿಂಗಳಿಗೆ 12,500 ರೂಪಾಯಿ ಸವಕಳಿ. ನಾಲ್ಕು ವರ್ಷಗಳಲ್ಲಿ ಕಂಪನಿಯ ಹಣ 12 ಲಕ್ಷದಿಂದ 6 ಲಕ್ಷಕ್ಕೆ ಇಳಿಯುವುದರಿಂದ ಸರಾಸರಿ ಸಿಕ್ಕಿಕೊಂಡಿರುವ ಬಂಡವಾಳ 9 ಲಕ್ಷ. ಶೇಕಡಾ 12ರಂತೆ ಅದರ ಬಡ್ಡಿ ವರ್ಷಕ್ಕೆ 1,08,000, ತಿಂಗಳಿಗೆ 9,000 ರೂಪಾಯಿ. ಎರಡೂ ಸೇರಿ 21,500 ರೂಪಾಯಿ ಆಯಿತು.

ಇನ್ನು ತೆರಿಗೆ. ಚಾಲಕನಿಲ್ಲದೆ ವಾಹನವನ್ನಷ್ಟೇ ಲೀಸಿಗೆ ಕೊಟ್ಟಾಗ, ಆ ಬಗೆಯ ವಾಹನದ ಮಾರಾಟಕ್ಕೆ ಯಾವ ದರದ ಜಿಎಸ್‌ಟಿ ಇದೆಯೋ ಅದೇ ದರ ಪ್ರತಿ ತಿಂಗಳ ಬಾಡಿಗೆಗೂ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳ ಪ್ರಕಾರ ದೊಡ್ಡ ಎಸ್‌ಯುವಿಗಳಿಗೆ ಇದು ಶೇಕಡಾ 40. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಎಂಜಿನ್ ಗಾತ್ರ ಪೆಟ್ರೋಲಾದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ವಾಹನಗಳಿಗೆ ಶೇಕಡಾ 18. ಮೇಲಿನ ಉದಾಹರಣೆಯಲ್ಲಿ ವಾಹನ ದೊಡ್ಡದಾದರೆ ತೆರಿಗೆ 8,600 ಸೇರಿ ಬಾಡಿಗೆ 30,100 ರೂಪಾಯಿ. ಚಿಕ್ಕ ವರ್ಗದ್ದಾದರೆ 3,870 ಸೇರಿ 25,370 ರೂಪಾಯಿ. ಒಂದು ಗೇಣು ಉದ್ದದ ಆಸೆಗೆ ತಿಂಗಳಿಗೆ ಸುಮಾರು ಐದು ಸಾವಿರ ಹೆಚ್ಚು ತೆತ್ತಂತಾಯಿತು.

ರೈತರು ವಿಶೇಷವಾಗಿ ಗಮನಿಸಬೇಕಾದ ಅಂಶ ಇಲ್ಲಿದೆ. ಪಟ್ಟಣದ ವ್ಯಾಪಾರಿಯು ಲೀಸಿನ ಬಾಡಿಗೆಯನ್ನು ವ್ಯವಹಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆಯಲ್ಲಿ ಒಂದಿಷ್ಟು ಉಳಿಸಿಕೊಳ್ಳುತ್ತಾನೆ. ದೊಡ್ಡ ಕಂಪನಿಗಳ ನೌಕರರಿಗೂ ಸಂಬಳದ ಮೂಲಕ ಇಂಥ ಅನುಕೂಲ ದೊರೆಯುವುದುಂಟು. ಅವರ ಮಟ್ಟಿಗೆ ಬಾಡಿಗೆಯ ಒಂದು ಪಾಲು ಹಿಂದಕ್ಕೆ ಬಂದ ಹಾಗೆಯೇ. ಕೃಷಿ ವರಮಾನಕ್ಕೆ ಕೇಂದ್ರದ ಆದಾಯ ತೆರಿಗೆಯಿಂದ ವಿನಾಯಿತಿ ಇದೆ. ಇದು ಒಳ್ಳೆಯದೇ, ಆದರೆ ತೆರಿಗೆಯೇ ಇಲ್ಲದ ಕಡೆ ತೆರಿಗೆಯ ಉಳಿತಾಯವೂ ಇಲ್ಲ. ಬೇಸಾಯವನ್ನಷ್ಟೇ ನಂಬಿದ ಕುಟುಂಬ 30,100 ರೂಪಾಯಿಯನ್ನೂ ತನ್ನ ಕೈಯಿಂದಲೇ ಭರಿಸಬೇಕು. ಪಟ್ಟಣದ ನೆಂಟರಿಗೆ ಲೀಸು ಅಗ್ಗವಾಯಿತೆಂದು ಕೇಳಿ ಹಳ್ಳಿಯಲ್ಲಿ ಸಹಿ ಹಾಕುವುದು ಇದರಿಂದಾಗಿಯೇ ಅಪಾಯಕರ.

ಈ ಮೊತ್ತವನ್ನು ಬೆಳೆಯ ಅಳತೆಯಲ್ಲಿ ನೋಡುವುದು ಸೂಕ್ತ. ವರ್ಷದ ಬಾಡಿಗೆ 3,61,200 ರೂಪಾಯಿ. 2025–26ರ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಂದರೆ ಸುಮಾರು 74 ಕ್ವಿಂಟಲ್ ರಾಗಿ. ಎಕರೆಗೆ 10 ಕ್ವಿಂಟಲ್ ಇಳುವರಿ ಎಂದರೂ ಏಳು ಎಕರೆಗೆ ಮೀರಿದ ಜಮೀನಿನ ಪೂರ್ತಿ ಫಸಲು ಜೀಪಿಗೇ ಹೋಗುತ್ತದೆ; ಬೀಜ, ಗೊಬ್ಬರ, ಕೂಲಿಯ ಖರ್ಚನ್ನು ಬೇರೆ ಕಡೆಯಿಂದ ತರಬೇಕು. ಮೇಲಾಗಿ ಬಾಡಿಗೆ ತಿಂಗಳು ತಿಂಗಳಿಗೆ ಬರುತ್ತದೆ, ರಾಗಿಯ ಹಣ ವರ್ಷಕ್ಕೊಮ್ಮೆ. ಹಾಲಿನ ಬಟವಾಡೆ ಅಥವಾ ರೇಷ್ಮೆ ಗೂಡಿನ ಹಣ ಆಗಾಗ ಕೈಗೆ ಬರುವ ಮನೆಗಳು ತಡೆದುಕೊಂಡಾವು. ಕಬ್ಬಿನ ಬಾಕಿಗೆ ಕಾಯುವವರಿಗೆ ಇದು ಕಷ್ಟ.

ಸಾಲ ಮಾಡಿ ಕೊಳ್ಳುವುದರೊಂದಿಗೆ ಹೋಲಿಸಲು ಒಂದು ಸುಲಭ ಅಳತೆ ಇದೆ. ಶೇಕಡಾ 10 ಬಡ್ಡಿಯಲ್ಲಿ ಐದು ವರ್ಷಗಳಿಗೆ ಸಾಲ ಪಡೆದರೆ ಲಕ್ಷಕ್ಕೆ ತಿಂಗಳ ಕಂತು ಸುಮಾರು 2,125 ರೂಪಾಯಿ. ಅದರಂತೆ 30,100 ರೂಪಾಯಿ ಕಂತಿನಿಂದ 14 ಲಕ್ಷಕ್ಕೆ ಸ್ವಲ್ಪ ಮೀರಿದ ಸಾಲ ತೀರುತ್ತದೆ. ಸಾಲದಲ್ಲಿ ಒಂದು ವರ್ಷ ಹೆಚ್ಚು ಕಟ್ಟಬೇಕು, ಮುಂಗಡವಾಗಿ ಕೈಯಿಂದ ಹಣ ಹಾಕಬೇಕು, ವಿಮೆ, ದುರಸ್ತಿ ಮತ್ತು ಕರ್ನಾಟಕದ ಭಾರೀ ಜೀವಾವಧಿ ತೆರಿಗೆ ಎಲ್ಲವೂ ಕೊಂಡವನದೇ. ಆದರೆ ಕೊನೆಗೆ ವಾಹನ ಮನೆಯಲ್ಲಿ ಉಳಿಯುತ್ತದೆ, ಅಡ್ಡಿ ಬಂದರೆ ಮಾರಬಹುದು. ಲೀಸಿನಲ್ಲಿ ನಾಲ್ಕು ವರ್ಷಕ್ಕೆ 14,44,800 ರೂಪಾಯಿ ಕಟ್ಟಿ ಬೀಗದ ಕೈ ಹಿಂತಿರುಗಿಸಬೇಕು. ಕೆಲವು ಲೀಸುಗಳಲ್ಲಿ ವಿಮೆ ಮತ್ತು ಸರ್ವಿಸು ಬಾಡಿಗೆಯಲ್ಲೇ ಸೇರಿರುತ್ತವೆ, ಕೆಲವುಗಳಲ್ಲಿ ಇಲ್ಲ. ಇದನ್ನು ತಿಳಿಯದೆ ಎರಡು ಬಾಡಿಗೆಗಳನ್ನು ಹೋಲಿಸುವುದು ಕಾಳು ತೂಗಿದ ಚೀಲವನ್ನು ಹೊಟ್ಟಿನ ಚೀಲದೊಂದಿಗೆ ಹೋಲಿಸಿದಂತೆ.

ಕರಾರಿನಲ್ಲಿ ವರ್ಷಕ್ಕೆ ಇಷ್ಟು ಕಿಲೋಮೀಟರ್ ಎಂಬ ಮಿತಿ ಇರುತ್ತದೆ. ಮಿತಿ 15,000 ಎಂದಿಟ್ಟುಕೊಂಡರೆ, ತಾಲ್ಲೂಕು ಕೇಂದ್ರಕ್ಕೆ ದಿನವೂ ಹೋಗಿ ಬರುವ 60 ಕಿಲೋಮೀಟರ್ ವರ್ಷದ 300 ದಿನಕ್ಕೆ 18,000 ಆಗುತ್ತದೆ. ನಾಲ್ಕು ವರ್ಷಕ್ಕೆ 12,000 ಕಿಲೋಮೀಟರ್ ಹೆಚ್ಚು. ಕಿಲೋಮೀಟರಿಗೆ 10 ರೂಪಾಯಿ ದಂಡವೆಂದರೆ 1,20,000. ಮದುವೆ, ಜಾತ್ರೆ, ಆಸ್ಪತ್ರೆಯ ಓಡಾಟ ಇದರಲ್ಲಿ ಸೇರಿಲ್ಲ. ಹಳ್ಳಿಯ ರಸ್ತೆಯಲ್ಲಿ ವಾಹನದ ತಳ ಕೆರೆಯುತ್ತದೆ, ಯೂರಿಯಾ ಚೀಲ ಹಾಕಿದ ಸೀಟು ಮೊದಲಿನಂತಿರುವುದಿಲ್ಲ. ಹಿಂತಿರುಗಿಸುವಾಗ ಇವುಗಳನ್ನೆಲ್ಲ ಪಟ್ಟಿ ಮಾಡಿ ಹಣ ಕೇಳುತ್ತಾರೆ. ಕ್ಯಾರಿಯರ್ ಅಥವಾ ಟ್ರೇಲರ್ ಕೊಕ್ಕೆ ಕೂರಿಸಲು ಅನುಮತಿ ಇದೆಯೇ ಎಂದು ಮೊದಲೇ ಕೇಳುವುದು ಒಳ್ಳೆಯದು.

ವಾಹನ ಕಂಪನಿಯದು, ಅಪಘಾತವಾದರೆ ಹೊಣೆಯೂ ಅದರದೇ ಎಂಬ ತಪ್ಪು ತಿಳಿವಳಿಕೆ ಇದೆ. 1988ರ ಮೋಟಾರು ವಾಹನಗಳ ಕಾಯಿದೆಯು ಲೀಸಿನ ಕರಾರಿನಡಿ ವಾಹನವನ್ನು ವಶದಲ್ಲಿಟ್ಟುಕೊಂಡಿರುವವನನ್ನೇ ಮಾಲೀಕನೆಂದು ಪರಿಗಣಿಸುತ್ತದೆ. ವಿಮೆ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಬೇಕಾದವನು ಓಡಿಸುವವನೇ.

ಲೀಸು ಎಲ್ಲರಿಗೂ ನಷ್ಟವೆಂದು ಇದರ ಅರ್ಥವಲ್ಲ. ಬೇಸಾಯದ ಜೊತೆಗೆ ಗೊಬ್ಬರದ ಅಂಗಡಿಯನ್ನೋ ಗುತ್ತಿಗೆ ಕೆಲಸವನ್ನೋ ಇಟ್ಟುಕೊಂಡು ಆದಾಯ ತೆರಿಗೆ ಕಟ್ಟುವವರಿಗೆ, ಮೂರು ನಾಲ್ಕು ವರ್ಷಕ್ಕೊಮ್ಮೆ ವಾಹನ ಬದಲಾಯಿಸುವ ಅಭ್ಯಾಸದವರಿಗೆ ಅದು ಹೊಂದೀತು. ಉಳಿದವರು ಲೀಸು ಬೇಕೇ ಬೇಕೆಂದರೆ, ಮಳೆ ಕೈಕೊಟ್ಟ ವರ್ಷ ವಾಹನವನ್ನು ಅವಧಿಗೆ ಮೊದಲೇ ಹಿಂತಿರುಗಿಸಿದರೆ ಎಷ್ಟು ತಿಂಗಳ ಬಾಡಿಗೆ ಕಟ್ಟಬೇಕಾಗುತ್ತದೆ, ಠೇವಣಿಯಲ್ಲಿ ಎಷ್ಟು ವಾಪಸು ಬರುತ್ತದೆ ಎಂಬುದನ್ನು ಕರಾರು ಪತ್ರದಲ್ಲಿ ಬೆರಳಿಟ್ಟು ಓದಿಸಿಕೊಳ್ಳಬೇಕು. ಪತ್ರ ಇಂಗ್ಲಿಷಿನಲ್ಲಿದ್ದರೆ ಓದಬಲ್ಲ ನಂಬಿಕಸ್ಥರನ್ನು ಜೊತೆಗೆ ಕರೆದೊಯ್ಯಬೇಕು. ವಾಹನ ಪಡೆದ ದಿನವೇ ನಾಲ್ಕೂ ಬದಿ, ಒಳಭಾಗ, ಟೈರುಗಳು ಮತ್ತು ಮೀಟರಿನ ಅಂಕಿಯ ಫೋಟೋ ತೆಗೆದು, ಪ್ರತಿ ಸರ್ವಿಸಿನ ರಸೀದಿಯೊಂದಿಗೆ ಒಂದೇ ಕಡತದಲ್ಲಿ ಇಡಬೇಕು.